ಚಿಂದಿಯ ಮೇಲೆ ಚಿತ್ತಾರ



ಕೌದಿ ನಿಮಗೆ ಹೊಸದಲ್ಲ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿದ ಬೆಚ್ಚನೆಯ ಹೊದಿಕೆ ಅದು. ಅಮೆರಿಕದಲ್ಲಿಯೂ ಚಿಂದಿಯಿಂದ ಹುಟ್ಟಿದ ಒಂದು ಕಲೆಯಿದೆ. ಅದರ ಹೆಸರು ಕ್ರೇಜಿ ಕ್ವಿಲ್ಟ್. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಶತಮಾನೋತ್ಸವ ಪ್ರದರ್ಶನದಲ್ಲಿ ಜಪಾನಿನ ಕಲಾವಸ್ತುಗಳು ಅಲ್ಲಿಯ ಜನರ ಮನಸೆಳೆದವು. ಎಡಬಲಗಳು ಸಮವಿರದ ಆ ವಿನ್ಯಾಸಗಳ ಪ್ರಭಾವವೂ ಸೇರಿ, 1880ರ ದಶಕದಲ್ಲಿ ರೇಷ್ಮೆ, ಮಖಮಲ್ಲಿನ ಓರೆಕೋರೆ ತುಂಡುಗಳನ್ನು ಜೋಡಿಸುವುದು ಅಲ್ಲಿಯ ಹೆಣ್ಣುಮಕ್ಕಳಿಗೆ ಒಂದು ಹುಚ್ಚೇ ಆಯಿತು. ಇವು ಹೊದೆಯುವುದಕ್ಕಿಂತ ಹೆಚ್ಚಾಗಿ ನಡುಮನೆಯ ಶೋಭೆಗೆ.

ತುಂಡುಗಳ ನಡುವಿನ ಕಸೂತಿ ಬರಿಯ ಅಲಂಕಾರವೆ? ಒಂದು ಪ್ರಯೋಗ ಮಾಡಿ. ಕರವಸ್ತ್ರವನ್ನು ಅಂಚಿಗೆ ನೇರವಾಗಿ ಎಳೆಯಿರಿ, ಅಷ್ಟಾಗಿ ಹಿಗ್ಗದು. ಮೂಲೆಯಿಂದ ಮೂಲೆಗೆ ಎಳೆಯಿರಿ, ಹಿಗ್ಗುತ್ತದೆ. ಹಾಸುಹೊಕ್ಕುಗಳ ನಡುವಿನ ಚೌಕಗಳು ಆಗ ವಜ್ರಾಕೃತಿಗೆ ವಾಲುತ್ತವೆ. ಕ್ರೇಜಿ ಕ್ವಿಲ್ಟಿನಲ್ಲಿ ಅನೇಕ ಅಂಚುಗಳು ಓರೆಯೇ. ಆದ್ದರಿಂದ ತುಂಡುಗಳನ್ನು ಮೊದಲು ಹತ್ತಿಯ ಅಡಿಬಟ್ಟೆಯೊಂದರ ಮೇಲೆ ಕೂರಿಸುತ್ತಾರೆ. ಆಮೇಲೆ ಅವು ಕೂಡುವ ಗೆರೆಯ ಮೇಲೆ ಹೆರಿಂಗ್‌ಬೋನ್, ಫೆದರ್ ಮುಂತಾದ ಹೊಲಿಗೆ ಹಾಕುತ್ತಾರೆ. ಗೆರೆಯ ಈಚೆಗೊಮ್ಮೆ, ಆಚೆಗೊಮ್ಮೆ ಸೂಜಿ ಚುಚ್ಚುವ ಈ ಹೊಲಿಗೆಗಳು ಎರಡೂ ತುಂಡುಗಳನ್ನು ಅಡಿಬಟ್ಟೆಗೆ ಬಿಗಿಯುತ್ತವೆ.

ಈ ಚಿತ್ತಾರಕ್ಕೆ ಟ್ಯಾಟಿಂಗ್ ಕೂಡ ಸೇರುತ್ತದೆ. ಟ್ಯಾಟಿಂಗ್ ಎಂದರೆ ಪುಟ್ಟ ಲಾಳಿಯಿಂದ ಗಂಟು ಹಾಕಿ ಮಾಡುವ ಲೇಸು. ತೆರೆಯ ಮೇಲೆ ಕೈಚಳಕ ಕಾಣುತ್ತದೆ, ಗುಟ್ಟು ಕಾಣುವುದಿಲ್ಲ. ಲಾಳಿಯ ದಾರ ಮೊದಲು ಎಡಗೈಯ ದಾರವನ್ನು ಸುತ್ತುತ್ತದೆ. ಆಗ ಎಡಗೈಯನ್ನು ಸಡಿಲಿಸಿ ಲಾಳಿಯ ದಾರವನ್ನು ಬಿಗಿಯಾಗಿ ಎಳೆದರೆ ಸುತ್ತು ಮಗುಚಿಕೊಳ್ಳುತ್ತದೆ. ಈಗ ಎಡಗೈಯ ದಾರವೇ ಲಾಳಿಯ ದಾರವನ್ನು ಸುತ್ತಿರುತ್ತದೆ. ಇದು ಅರ್ಧ ಗಂಟು. ಇದಕ್ಕೆ ಎದುರುಬದುರಾಗಿ ಇನ್ನರ್ಧ ಹಾಕಿದರೆ ಗಂಟು ಪೂರ್ಣ. ಹೀಗೆ ಮಗುಚಿದ ಗಂಟುಗಳು ಲಾಳಿಯ ದಾರದ ಮೇಲೆ ಜಾರುತ್ತವೆ. ದಾರ ಎಳೆದೊಡನೆ ಉಂಗುರ ಮುಚ್ಚಿಕೊಳ್ಳುತ್ತದೆ. ನನ್ನ ಮೊದಲ ಉಂಗುರ ಮುಚ್ಚಲೇ ಇಲ್ಲ. ಒಂದೇ ಒಂದು ಗಂಟು ಮಗುಚಿರಲಿಲ್ಲ! ಗಂಟುಗಳ ನಡುವೆ ತುಸು ದಾರ ಬಿಟ್ಟು ಒತ್ತರಿಸಿದರೆ ಪಿಕೋ ಎಂಬ ಕಿರುಕುಣಿಕೆ ಮೂಡುತ್ತದೆ. ಆ ಕುಣಿಕೆಗಳಲ್ಲಿ ಸೂಜಿ ತೂರಿಸಿ ಲೇಸನ್ನು ಕ್ವಿಲ್ಟಿಗೆ ಹೊಲಿಯಬಹುದು. ಉಂಗುರಗಳೇ ದಳಗಳಾದರೆ ನಡುವೆ ಒಂದು ಮಣಿ, ಸುತ್ತ ಸರಪಳಿ ಹೊಲಿಗೆಯ ಬಳ್ಳಿ.

ಬಟ್ಟೆಯನ್ನು ಆರಿಸುವಾಗ ಒಂದು ಹಳೆಯ ಪಾಠ ನೆನಪಿರಲಿ. ಅಂಟು ತೆಗೆದಾಗ ರೇಷ್ಮೆಯ ತೂಕ ಸುಮಾರು ನಾಲ್ಕನೆಯ ಒಂದು ಭಾಗ ಇಳಿಯುತ್ತದೆ. ರೇಷ್ಮೆಯೋ ತೂಕಕ್ಕೆ ಮಾರುವ ಸರಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ನಷ್ಟ ತುಂಬಲು ತವರ, ಕಬ್ಬಿಣದ ಲವಣಗಳನ್ನು ಅದಕ್ಕೆ ಹೀರಿಸುತ್ತಿದ್ದರು. ಬಟ್ಟೆ ಮೈತುಂಬಿದಂತೆ ಕಂಡಿತು. ಆದರೆ ಕಾಲಕ್ರಮೇಣ ಆ ಲವಣಗಳೇ ಎಳೆಗಳನ್ನು ಸೀಳಿದವು. ಅಂದಿನ ಎಷ್ಟೋ ಕ್ವಿಲ್ಟುಗಳಲ್ಲಿ ರೇಷ್ಮೆ ಪುಡಿಯಾಗಿ ಉದುರಿದೆ; ಕಸೂತಿ ಮಾತ್ರ ಅಡಿಬಟ್ಟೆಯನ್ನು ಹಿಡಿದು ಉಳಿದಿದೆ. ಹೆಸರು ತಿಳಿಯದ ಆ ಕೈಗಳ ಗುರುತಾಗಿ ನಮಗೆ ಸಿಗುವುದು ಅದೊಂದೇ.

ನೀವೂ ಒಂಬತ್ತು ಅಂಗುಲದ ಚೌಕವೊಂದರಿಂದ ಆರಂಭಿಸಿ. ಅಜ್ಜಿಯ ಹಳೆಯ ಸೀರೆ ಸಿಕ್ಕರೆ ಮೊದಲು ಮಡಿಕೆಗಳಲ್ಲಿ ಮೆಲ್ಲನೆ ಎಳೆದು ನೋಡಿ. ಅದು ತಡೆದರೆ ನಿಮ್ಮ ಹೊಲಿಗೆಗೆ ಅರ್ಹ.