ತೀವ್ರ ರಕ್ತಹೀನತೆ: ಶುಶ್ರೂಷಕಿಯರ ಅನುಭವ ಮತ್ತು ಗ್ರಾಮ ಪಂಚಾಯತಿಯ ಹೊಣೆ



ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯೊಂದರಲ್ಲಿ ಉಪಕೇಂದ್ರದ ಶುಶ್ರೂಷಕಿಯೊಬ್ಬರು ನನ್ನನ್ನು ಕೇಳಿದರು: “ಟ್ಯಾಂಕಿನಲ್ಲಿ ನೀರು ತಳ ಕಂಡರೆ ಅರ್ಧ ಗಂಟೆಯಲ್ಲಿ ನಿಮಗೆ ಫೋನ್ ಬರುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 6ಕ್ಕೆ ಇಳಿದರೆ ಪಂಚಾಯತಿಗೆ ಗೊತ್ತಾಗುತ್ತದೆಯೇ ಸರ್?” ಎಂಜಿನಿಯರಿಂಗ್ ಓದಿ ನೀರಿನ ಮಟ್ಟ ಅಳೆಯಲು ಕಲಿತ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಬಳಿಕ ಉಪಕೇಂದ್ರ ಹಾಗೂ ಆಸ್ಪತ್ರೆಯ ಶುಶ್ರೂಷಕಿಯರಿಂದ ತಿಳಿದುಕೊಂಡ ಸಂಗತಿಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಅಂಕಿಗಳ ಅರ್ಥ

ಹಿಮೋಗ್ಲೋಬಿನ್ ಎಂಬುದು ರಕ್ತದ ಕೆಂಪುಕಣಗಳಲ್ಲಿದ್ದು, ದೇಹದ ಎಲ್ಲ ಅಂಗಗಳಿಗೂ ಆಮ್ಲಜನಕವನ್ನು ಒಯ್ಯುವ ಕಬ್ಬಿಣಾಂಶಯುಕ್ತ ವಸ್ತು. ಗರ್ಭಿಣಿಯರಲ್ಲಿ ಇದು ಪ್ರತಿ ಡೆಸಿಲೀಟರ್ ರಕ್ತದಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ; 7 ಗ್ರಾಂಗಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7ರಷ್ಟು ಮಂದಿಗೆ ರಕ್ತಹೀನತೆಯಿದೆ. ತೀವ್ರ ಹಂತದಲ್ಲಿರುವವರು ಅವರಲ್ಲಿ ಕೆಲವರು ಮಾತ್ರ. ಆದರೆ ಪ್ರಾಣಾಪಾಯ ಹೆಚ್ಚಿರುವುದು ಅವರಿಗೇ.

ಕಾಯಿಲೆಯಂತೆ ಕಾಣದ ಕಾಯಿಲೆ

ರಕ್ತದ ಅಂಶ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವುದರಿಂದ ದೇಹವು ಕೊರತೆಗೆ ಹೊಂದಿಕೊಳ್ಳುತ್ತದೆ. ಹೃದಯ ಮಾತ್ರ ಹೆಚ್ಚು ದುಡಿಯುತ್ತಿರುತ್ತದೆ. ಹಿಮೋಗ್ಲೋಬಿನ್ 6 ಇರುವ ಮಹಿಳೆಯೂ ಹೊಲದ ಕೆಲಸ ಮುಗಿಸಿ, ನಡೆದೇ ಬಂದು, “ಸ್ವಲ್ಪ ಸುಸ್ತು, ಅಷ್ಟೇ” ಎನ್ನುವುದುಂಟು. ಆದ್ದರಿಂದ ಶುಶ್ರೂಷಕಿಯರು ಆ ಮಾತನ್ನಷ್ಟೇ ನಂಬದೆ ಕೆಳರೆಪ್ಪೆ, ನಾಲಿಗೆ, ಉಗುರುಗಳನ್ನು ನೋಡಿ ರಕ್ತಪರೀಕ್ಷೆ ಮಾಡುತ್ತಾರೆ. ಮಣ್ಣು, ಬಳಪ ಅಥವಾ ಹಸಿ ಅಕ್ಕಿ ತಿನ್ನುವ ಆಸೆಯುಂಟೇ ಎಂದು ಕೇಳುತ್ತಾರೆ. ಇದೂ ಕಬ್ಬಿಣಾಂಶದ ಕೊರತೆಯ ಸೂಚನೆಯಾಗಿರಬಹುದು. ನಾಚಿಕೆಯಿಂದ ಹಲವರು ತಾವಾಗಿ ಹೇಳುವುದಿಲ್ಲ.

ಉಚಿತವಾಗಿ ಕೊಟ್ಟ ಕಬ್ಬಿಣಾಂಶದ ಮಾತ್ರೆಗಳು ಅಟ್ಟದ ಮೇಲೆ ಉಳಿದಿರುವುದೂ ಅವರ ಅನುಭವ. ಮಲ ಕಪ್ಪಾಗುವುದು, ವಾಕರಿಕೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂಬ ಭಯ ಇದಕ್ಕೆ ಕಾರಣಗಳು. ಮಲ ಕಪ್ಪಾಗುವುದು ಮಾತ್ರೆಯ ಸಹಜ ಪರಿಣಾಮ. ಹೊಟ್ಟೆಗೆ ತೊಂದರೆಯಾದರೆ ಊಟದ ನಂತರ ಸೇವಿಸಬಹುದು. ಕಾಫಿ, ಚಹಾ ಅಥವಾ ಸುಣ್ಣದಂಶದ ಮಾತ್ರೆಯೊಂದಿಗೆ ಸೇವಿಸಬಾರದು. ಒಬ್ಬ ಶುಶ್ರೂಷಕಿ ಹೇಳಿದ ಮಾತು ನೆನಪಿಡತಕ್ಕದ್ದು: “ಗದರಿದರೆ ‘ನುಂಗಿದೆ’ ಎನ್ನುತ್ತಾರೆ, ಕೂತು ಕೇಳಿದರೆ ಏಕೆ ನುಂಗಲಿಲ್ಲವೆಂದು ಹೇಳುತ್ತಾರೆ.”

ಆಸ್ಪತ್ರೆಯ ಹಾಸಿಗೆಯ ಬಳಿ

ಹೆರಿಗೆಯಲ್ಲಿ ಸಹಜವಾಗಿ ಆಗುವಷ್ಟು ರಕ್ತಸ್ರಾವವೂ ಇಂಥ ತಾಯಿಯ ಪ್ರಾಣಕ್ಕೆ ಕುತ್ತಾಗಬಹುದು. ಆಗ ರಕ್ತ ಕೊಡಬೇಕು. ಆದರೆ ರಕ್ತವನ್ನು ವೇಗವಾಗಿ ಹರಿಸಿದರೆ ಮೊದಲೇ ದಣಿದ ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ನಿಧಾನವಾಗಿ ಹರಿಸಿದರೂ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಮೊದಲ 15 ನಿಮಿಷ ಶುಶ್ರೂಷಕಿ ಹಾಸಿಗೆಯ ಪಕ್ಕದಲ್ಲೇ ಇದ್ದು ನಾಡಿ, ಜ್ವರ, ಉಸಿರಾಟ ಗಮನಿಸುತ್ತಾರೆ. ಇಷ್ಟಾದರೂ ಒಂದು ಯೂನಿಟ್ ರಕ್ತದಿಂದ ಏರುವುದು ಸುಮಾರು 1 ಗ್ರಾಂ. ಹೊರಗೆ ಬಂಧುಗಳು ರಕ್ತಕ್ಕಾಗಿ ಅಲೆಯುತ್ತಿರುತ್ತಾರೆ. ರಕ್ತ ಕೊಟ್ಟರೆ ದುಡಿಯುವ ಶಕ್ತಿ ಹೋಗುತ್ತದೆಂದು ಕೆಲವರು ಹಿಂಜರಿಯುತ್ತಾರೆ.

ಇದೇ ಕೊರತೆ ಐದನೆಯ ತಿಂಗಳಲ್ಲಿ ಪತ್ತೆಯಾಗಿದ್ದರೆ, ವೈದ್ಯರ ನಿಗಾದಲ್ಲಿ ರಕ್ತನಾಳದ ಮೂಲಕ ಕಬ್ಬಿಣಾಂಶ ನೀಡಿ ಸರಿಪಡಿಸಲು ಸಮಯವಿರುತ್ತಿತ್ತು. ಆ ಚುಚ್ಚುಮದ್ದಿಗೆ ಹಲವು ಬಾರಿ ಬರಬೇಕಾಗಬಹುದು. ಪ್ರತಿ ಬಾರಿಯೂ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಮೊದಲ ಬಾರಿ ಬಂದವರು ಮತ್ತೆ ಬಾರದಿರುವುದು ಇಲ್ಲಿಯೇ. ಹಿಮೋಗ್ಲೋಬಿನ್ 5ಕ್ಕಿಂತ ಕಡಿಮೆಯಿದ್ದರೆ ಯಾವ ತಿಂಗಳಲ್ಲಾದರೂ, ಕೊನೆಯ ಮೂರು ತಿಂಗಳಲ್ಲಿ 7ಕ್ಕಿಂತ ಕಡಿಮೆಯಿದ್ದರೂ ಆಸ್ಪತ್ರೆಗೆ ದಾಖಲಾಗಲೇಬೇಕು.

ಸದಸ್ಯರು ಮಾಡಬಹುದಾದದ್ದು

1. ಪ್ರತಿ ತಿಂಗಳ ಸಭೆಯಲ್ಲಿ ಎರಡು ಸಂಖ್ಯೆಗಳನ್ನು ಕೇಳುವುದು: 7ಕ್ಕಿಂತ ಕಡಿಮೆ ಇರುವ ಗರ್ಭಿಣಿಯರೆಷ್ಟು? ಪರೀಕ್ಷೆಯೇ ಆಗದವರೆಷ್ಟು? ಸಭೆಯಲ್ಲಿ ಯಾರ ಹೆಸರನ್ನೂ ಓದಬಾರದು.

2. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಡೆಯುವ ತಪಾಸಣೆಗೆ ಹಾಗೂ ಚುಚ್ಚುಮದ್ದಿನ ದಿನಗಳಂದು ದೂರದ ತಾಂಡಾ, ಹಾಡಿ, ತೋಟದ ಮನೆಗಳವರಿಗೆ ವಾಹನ ಒದಗುವಂತೆ ನೋಡುವುದು. ತುರ್ತಿಗೆ 108.

3. ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಬಾರದವರು ಏಕೆ ಬರುತ್ತಿಲ್ಲವೆಂದು ವಿಚಾರಿಸುವುದು.

4. ಸ್ವಯಂಪ್ರೇರಿತ ರಕ್ತದಾನ ಶಿಬಿರ ಏರ್ಪಡಿಸುವುದು. 18 ವರ್ಷ ತುಂಬಿದ, ಕನಿಷ್ಠ 45 ಕಿಲೋ ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಸದಸ್ಯರೇ ಮೊದಲು ಕೊಟ್ಟರೆ ಊರಿನವರ ಅಳುಕು ಕಡಿಮೆಯಾಗುತ್ತದೆ.

5. ಬಯಲು ಶೌಚದ ಮಣ್ಣಿನಲ್ಲಿ ಬರಿಗಾಲಿನ ಮೂಲಕ ದೇಹ ಸೇರುವ ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುತ್ತದೆ. ಶೌಚಾಲಯ ಬಳಕೆಯೂ ರಕ್ತಹೀನತೆಯ ತಡೆಯೇ ಎಂದು ತಿಳಿಸುವುದು.

ನಮ್ಮ ಪಂಚಾಯತಿಯಲ್ಲಿ ಈಗ ಕುಡಿಯುವ ನೀರಿನ ವಿಷಯ ಮುಗಿದೊಡನೆ ಈ ಎರಡು ಸಂಖ್ಯೆಗಳನ್ನು ಕೇಳುತ್ತೇವೆ. ಮೊದಲ ತಿಂಗಳು ಉತ್ತರ “ಎರಡು” ಎಂದು ಬಂದಿತು. ಕೇಳದೇ ಇದ್ದಿದ್ದರೆ ಆ ಇಬ್ಬರ ವಿಷಯ ನಮಗೆ ಒಂಬತ್ತನೆಯ ತಿಂಗಳಲ್ಲಿ ತಿಳಿಯುತ್ತಿತ್ತು.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ