ತಕ್ಕಡಿಗೆ ತಿಳಿಯದ ಲೆಕ್ಕ

ಕೊಬ್ಬನ್ನು ಕರಗಿಸಬೇಕು, ಸ್ನಾಯುಗಳನ್ನು ಬೆಳೆಸಬೇಕು—ಈ ಎರಡು ಆಸೆಗಳು ಬೇರೆ ಬೇರೆಯಾಗಿ ಬಂದರೆ ಅಷ್ಟು ತೊಡಕಿಲ್ಲ. ಎರಡೂ ಒಟ್ಟಿಗೆ ಬಂದಾಗಲೇ ಮನಸ್ಸು ಇಕ್ಕಟ್ಟಿಗೆ ಸಿಕ್ಕಿಕೊಳ್ಳುವುದು. ಒಂದಕ್ಕೆ ಕಡಮೆ ಉಣ್ಣಬೇಕು. ಇನ್ನೊಂದಕ್ಕೆ ಚೆನ್ನಾಗಿ ಉಣ್ಣಬೇಕು. ಸಾಲ ತೀರಿಸುತ್ತಿರುವಾಗಲೇ ಮನೆ ಕಟ್ಟಲು ಹೊರಟವನ ಪಾಡು ಎಂಥದೆಂಬುದನ್ನು ನಮ್ಮಲ್ಲನೇಕರು ನಮ್ಮ ನಮ್ಮ ಮನೆಗಳಲ್ಲಿಯೇ ಕಂಡಿದ್ದೇವೆ. ನಮ್ಮ ಕಾಲೇಜಿನ ವ್ಯಾಯಾಮಶಾಲೆಯಲ್ಲಿ ಜುಲೈ ತಿಂಗಳ ಸಂಜೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಸರೆಯ ರಜೆಯ ಹೊತ್ತಿಗೆ ಅಲ್ಲಿ ಉಳಿಯುವವರು ಏಳೆಂಟು ಮಂದಿ. ಹೋದವರೆಲ್ಲ ತೋಳಿನಲ್ಲಿ ಬಲ ಸಾಲದೆ ಹೋದವರಲ್ಲ. ಅವರಲ್ಲಿ ಸಾಕಷ್ಟು ಮಂದಿಯನ್ನು ನಾನು ಬಲ್ಲೆ. ಅವರ ಮನಸ್ಸು ಬೇಸತ್ತಿತು. ಅದು ಬೇಸರುವುದು ಏಕೆ ಎಂಬುದನ್ನು ತಿಳಿದಷ್ಟು ಮಟ್ಟಿಗೆ ವಿವರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ಎರಡು ಕೆಲಸಗಳೂ ಒಟ್ಟಿಗೆ ನಡೆಯುವುದು ಸಾಧ್ಯವೆ? ಸಾಧ್ಯ. ಕೊಬ್ಬು ಎಂಬುದು ದೇಹ ಕೂಡಿಟ್ಟುಕೊಂಡ ಶಕ್ತಿ, ಕಣಜದ ಕಾಳಿದ್ದಂತೆ. ಸ್ನಾಯುವನ್ನು ಕಟ್ಟುವ ಇಟ್ಟಿಗೆ ಪ್ರೋಟೀನು. ದಿನದ ಊಟ ದಿನದ ಖರ್ಚಿಗಿಂತ ತುಸು ಕಡಮೆಯಾಗಿದ್ದು, ಆದರೆ ಅದರಲ್ಲಿ ಪ್ರೋಟೀನು ಸಾಕಷ್ಟಿದ್ದು, ಭಾರ ಎತ್ತುವ ವ್ಯಾಯಾಮವೂ ನಡೆಯುತ್ತಿದ್ದರೆ, ದೇಹವು ಕೊರತೆಬಿದ್ದ ಶಕ್ತಿಯನ್ನು ಕಣಜದಿಂದ ತೆಗೆದುಕೊಂಡು ಇಟ್ಟಿಗೆಯನ್ನು ಗೋಡೆಗೆ ಇಡಬಲ್ಲುದು. ಹೊಸದಾಗಿ ಅಭ್ಯಾಸ ಆರಂಭಿಸಿದವರಲ್ಲಿ, ಕೊಬ್ಬು ಹೆಚ್ಚಾಗಿರುವವರಲ್ಲಿ, ಬಹುಕಾಲ ಬಿಟ್ಟು ಮತ್ತೆ ಹಿಡಿದವರಲ್ಲಿ ಇದು ಚೆನ್ನಾಗಿ ನಡೆಯುತ್ತದೆ.

ಇದಕ್ಕೆ ೨೦೧೬ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಬಹುದು. ಕೆನಡ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಮೈ ಹೆಚ್ಚಿದ್ದ ೪೦ ಮಂದಿ ತರುಣರಿಗೆ ನಾಲ್ಕು ವಾರಗಳ ಕಾಲ ಅವರಿಗೆ ಬೇಕಾದುದಕ್ಕಿಂತ ನೂರಕ್ಕೆ ೪೦ರಷ್ಟು ಕಡಮೆ ಶಕ್ತಿಯ ಆಹಾರ ಕೊಟ್ಟು, ಕಠಿಣವಾದ ವ್ಯಾಯಾಮ ಮಾಡಿಸಿದರು. ಒಂದು ಗುಂಪಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೧.೨ ಗ್ರಾಂ ಪ್ರೋಟೀನು; ಇನ್ನೊಂದಕ್ಕೆ ೨.೪ ಗ್ರಾಂ. ಹೆಚ್ಚು ಪ್ರೋಟೀನು ಉಂಡವರು ಸರಾಸರಿ ೪.೮ ಕಿಲೋ ಕೊಬ್ಬನ್ನು ಕಳೆದುಕೊಂಡು, ಕೊಬ್ಬಲ್ಲದ ಮೈಯನ್ನು ೧.೨ ಕಿಲೋ ಹೆಚ್ಚಿಸಿಕೊಂಡರು. ಕಡಮೆ ಉಂಡವರು ೩.೫ ಕಿಲೋ ಕೊಬ್ಬನ್ನು ಕಳೆದರು. ಅವರಿಗೆ ಕೂಡಿದ್ದು ೦.೧ ಕಿಲೋ ಮಾತ್ರ.

ಈ ಅಂಕಿಗಳನ್ನು ಕೂಡಿ ಕಳೆದು ನೋಡಿ. ಮೊದಲ ಗುಂಪಿನವನು ತಕ್ಕಡಿಯ ಮೇಲೆ ನಿಂತರೆ ಇಳಿದ ತೂಕ ಸುಮಾರು ೩.೬ ಕಿಲೋ, ಎರಡನೆಯವನದು ಸುಮಾರು ೩.೪. ಒಬ್ಬನ ದೇಹ ಬೇರೆಯದೇ ಆಗಿದೆ, ಇನ್ನೊಬ್ಬನದು ಬರಿಯ ಸಣ್ಣದಾಗಿದೆ. ತಕ್ಕಡಿಗೆ ಇಬ್ಬರೂ ಒಂದೇ. ನನ್ನ ಮಟ್ಟಿಗೆ ಈ ವಿಷಯದ ತಿರುಳೆಲ್ಲ ಇಲ್ಲಿಯೇ ಇದೆ. ಬರಿಯ ತೂಕ ಇಳಿಸುವವನಿಗೆ ವಾರಕ್ಕೊಮ್ಮೆಯಾದರೂ ತಕ್ಕಡಿ ಶಹಭಾಸ್ ಎನ್ನುತ್ತದೆ. ಬರಿಯ ಮೈ ಬೆಳೆಸುವವನಿಗೂ ಎನ್ನುತ್ತದೆ. ಎರಡನ್ನೂ ಮಾಡುವವನಿಗೆ ಅದು ಮೌನ. ಇಳಿದುದನ್ನು ಏರಿದುದು ಮುಚ್ಚಿಬಿಡುತ್ತದೆ. ಶ್ರಮಕ್ಕೆ ಸಾಕ್ಷಿಯಿಲ್ಲದಿದ್ದರೆ ಮನಸ್ಸು ಎಷ್ಟು ದಿನ ದುಡಿದೀತು?

ಈ ಸಂಕಟವು ನಮ್ಮ ದೇಶದವರಿಗೆ ಇನ್ನಷ್ಟು ಹತ್ತಿರದ್ದು. ೨೦೦೪ರಲ್ಲಿ ಪುಣೆಯ ಡಾ. ಯಾಜ್ಞಿಕ್ ಅವರೂ ಲಂಡನ್ನಿನ ಡಾ. ಯುಡ್ಕಿನ್ ಅವರೂ ತಮ್ಮಿಬ್ಬರ ಛಾಯಾಚಿತ್ರವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಸೂಚ್ಯಂಕ ಇಬ್ಬರದೂ ಒಂದೇ—೨೨.೩. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ ೯.೧, ಯಾಜ್ಞಿಕರ ಮೈಯಲ್ಲಿ ೨೧.೨. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಆಕಾರವನ್ನು ನಮ್ಮ ತರಗತಿಗಳಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. (ಗುರುವರ್ಯರ ವಿಶ್ರಾಂತಿ ಕೊಠಡಿಯ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ.) ಇಂಥವನಿಗೆ ಕರಗಿಸುವುದೂ ಬೇಕು, ಬೆಳೆಸುವುದೂ ಬೇಕು, ಒಂದನ್ನೇ ಮಾಡಿದರೆ ಅರ್ಧ ಕೆಲಸ.

ನನ್ನ ಲೆಕ್ಕವನ್ನೇ ಹೇಳುವುದಾದರೆ, ಆರಂಭದಲ್ಲಿ ತೂಕ ೬೮ ಕಿಲೋ, ಹೊಕ್ಕುಳ ಮಟ್ಟದ ಸುತ್ತಳತೆ ೩೫ ಅಂಗುಲ. ಹತ್ತು ವಾರಗಳಾದ ಮೇಲೆ ತೂಕ ೬೭.೫, ಸುತ್ತಳತೆ ೩೩. ಅರ್ಧ ಕಿಲೋವಿಗೆ ಎಪ್ಪತ್ತು ದಿನ! ಸುತ್ತಳತೆಯ ಟೇಪು ನಮ್ಮೂರಿನ ದರ್ಜಿಯವರಿಂದ ತಂದದ್ದು. ಅದು ಇಲ್ಲದಿದ್ದರೆ ಆ ಎರಡು ಅಂಗುಲಗಳು ಯಾರ ಗಮನಕ್ಕೂ ಬಾರದೆ ಹೋಗುತ್ತಿದ್ದವು. ಕನ್ನಡಿಯನ್ನು ನಂಬುವಂತಿಲ್ಲ. ದಿನವೂ ನೋಡುವ ಮುಖದಲ್ಲಿ ದಿನದ ಬದಲಾವಣೆ ಕಾಣದು; ನಮ್ಮ ಕೈಯಲ್ಲಿರುವ ಮೊಬೈಲಿನಲ್ಲಾದರೋ ಯಾರೋ ಒಬ್ಬ ಅರ್ಧ ನಿಮಿಷದಲ್ಲಿ ಕುಂಬಳಕಾಯಿಯಿಂದ ಹನುಮಂತನಾಗಿಬಿಡುತ್ತಾನೆ. ಅದನ್ನು ನೋಡಿ ಕನ್ನಡಿಯ ಮುಂದೆ ನಿಂತವನಿಗೆ ನಿರಾಶೆಯಾಗದಿದ್ದರೆ ಅದೇ ಆಶ್ಚರ್ಯ.

ತಕ್ಕಡಿಗೆ ಇನ್ನೊಂದು ಚಾಳಿಯುಂಟು. ಮೌನವಾಗಿರಬೇಕಾದಾಗ ಅದು ಮಾತಾಡುತ್ತದೆ. ಊರಿನ ಜಾತ್ರೆಗೆ ಹೋಗಿ ಬಂದ ಮರುದಿನ ಅದು ಒಂದೂವರೆ ಕಿಲೋ ಹೆಚ್ಚು ತೋರಿಸಿತು. ಮೂರು ವಾರದ ತಪಸ್ಸು ಒಂದೇ ಪಂಕ್ತಿಯಲ್ಲಿ ಹೋಯಿತೆ ಎಂದು ಎದೆ ಧಸಕ್ಕೆನ್ನುವುದು ಸಹಜ. ಆದರೆ ಲೆಕ್ಕ ನೋಡಿ: ಒಂದು ಕಿಲೋ ಕೊಬ್ಬು ಎಂದರೆ ಸುಮಾರು ೭,೭೦೦ ಕ್ಯಾಲೊರಿ. ಒಂದೂವರೆ ಕಿಲೋ ಕೊಬ್ಬು ಕೂಡಬೇಕಾದರೆ ದಿನದ ಖರ್ಚು ಕಳೆದು ಹನ್ನೊಂದು ಸಾವಿರಕ್ಕೂ ಮಿಕ್ಕಿ ಕ್ಯಾಲೊರಿ ಒಳಕ್ಕೆ ಹೋಗಿರಬೇಕು; ಅದು ನಮ್ಮ ಹಾಸ್ಟೆಲಿನ ಅತ್ಯಂತ ಸಮರ್ಥ ಭೋಜನಪ್ರಿಯನಿಗೂ ಅಸಾಧ್ಯ. ಏರಿದ್ದು ನೀರು. ಅನ್ನ, ಪಾಯಸಗಳ ಪಿಷ್ಟ, ಸಕ್ಕರೆಗಳನ್ನು ದೇಹವು ಗ್ಲೈಕೊಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಇಟ್ಟುಕೊಳ್ಳುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ಉಪ್ಪಿನಕಾಯಿಯ ಉಪ್ಪೂ ನೀರನ್ನು ಹಿಡಿದಿಡುತ್ತದೆ. ಹೊಟ್ಟೆಯಲ್ಲಿ ಇನ್ನೂ ಇರುವ ಊಟದ ತೂಕ ಬೇರೆ. ಮೂರು ದಿನಕ್ಕೆ ಎಲ್ಲವೂ ಇಳಿದುಹೋಯಿತು. ಇದು ತಿಳಿದಿರದವನು ಆ ಬೆಳಿಗ್ಗೆಯೇ ಒಂದೋ ಉಪವಾಸ ಬೀಳುತ್ತಾನೆ, ಇಲ್ಲವೆ ‘ಹೇಗೂ ಕೆಟ್ಟಿತು’ ಎಂದು ಕ್ಯಾಂಟೀನಿನ ದಾರಿ ಹಿಡಿಯುತ್ತಾನೆ.

ಉಪವಾಸದ ಮಾತು ಬಂದುದರಿಂದ ಹಸಿವಿನ ವಿಷಯವನ್ನೂ ಹೇಳಬೇಕು. ೧೯೪೪-೪೫ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ೩೬ ಮಂದಿ ಸ್ವಯಂಸೇವಕರನ್ನು ೨೪ ವಾರ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದನು. ಅವರೆಲ್ಲ ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದೆ, ಬೇರೆ ರೀತಿಯಲ್ಲಿ ಸೇವೆ ಸಲ್ಲಿಸಲು ಬಂದವರು. ಎಂದರೆ ಮನೋಬಲಕ್ಕೆ ಕೊರತೆಯಿದ್ದವರಲ್ಲ. ಅವರ ತೂಕ ನಾಲ್ಕರಲ್ಲಿ ಒಂದು ಪಾಲಿನಷ್ಟು ಇಳಿಯಿತು. ಇಳಿದುದು ತೂಕ ಮಾತ್ರವಲ್ಲ. ಮಾತೆಲ್ಲ ಊಟದ ಮಾತಾಯಿತು. ಅಡಿಗೆಯ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು. ಸಣ್ಣ ಸಣ್ಣದಕ್ಕೂ ಸಿಡುಕು. ಗೆಳೆಯರ ಒಡನಾಟವೂ ಬೇಡವಾಯಿತು. ನಾವು ದಿನಕ್ಕೆ ಮುನ್ನೂರು ನಾನೂರು ಕ್ಯಾಲೊರಿ ಕಡಮೆ ಮಾಡುವುದಕ್ಕೂ ಇದಕ್ಕೂ ಅಜಗಜಾಂತರವಿದೆ, ನಿಜ. ಆದರೂ ರಾತ್ರಿ ಒಂಬತ್ತರ ಮೇಲೆ ಅರಿಸ್ಟಾಟಲನ ರಾಜ್ಯಶಾಸ್ತ್ರವನ್ನು ಓದುತ್ತಿರುವಾಗ ಪುಟದ ನಡುವೆ ಬಿಸಿಬೇಳೆಬಾತು ಕಾಣಿಸಿಕೊಂಡರೆ, ಅದನ್ನು ಚಾರಿತ್ರ್ಯದ ದೋಷವೆಂದು ತಿಳಿಯಬೇಕಾಗಿಲ್ಲ. ದೇಹ ತನ್ನ ಕಣಜವನ್ನು ಕಾಯುತ್ತಿದೆ, ಅಷ್ಟೆ. ಕೊರತೆ ಸಣ್ಣದಾಗಿರಲಿ ಎನ್ನುವುದಕ್ಕೆ ಇದೇ ಮುಖ್ಯ ಕಾರಣ.

ಇದೆಲ್ಲಕ್ಕಿಂತಲೂ ಕಷ್ಟವಾದುದು ಮನೆಯವರ ಕಣ್ಣು. ನಮ್ಮ ತಂದೆ ಮಂಡಿಯಲ್ಲಿ ಮೂಟೆ ಹೊರುವವರು. ಐವತ್ತು ಕಿಲೋ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಲಾರಿಯ ಹಲಗೆ ಏರುವಾಗ ಅವರ ಹಿಂಗಾಲಿನ ಸ್ನಾಯುಗಳು ಹುರಿಹಗ್ಗದಂತೆ ಎದ್ದು ನಿಲ್ಲುತ್ತವೆ. ಆ ಕಾಲುಗಳನ್ನು ಕಟ್ಟಿದುದು ಯಾವ ವ್ಯಾಯಾಮಶಾಲೆಯೂ ಅಲ್ಲ. ನಾನು ಸಂಜೆ ಹೊತ್ತು ಕಬ್ಬಿಣ ಎತ್ತುವ ಸುದ್ದಿ ಕೇಳಿ ಅವರು ಅಂದದ್ದು ಇಷ್ಟು: “ಕೂಲಿ ಇಲ್ದೆ ಭಾರ ಎತ್ತೋದೂ ಒಂದು ಓದೇನಪ್ಪ?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿಯಾಗಿಲ್ಲ. ಮೈ ಮುರಿದು ದುಡಿದವರು ತಮ್ಮ ಮಗ ಮೈ ಬಗ್ಗಿಸದಿರಲಿ ಎಂದೇ ಕಾಲೇಜಿಗೆ ಕಳಿಸಿರುತ್ತಾರೆ. ಓದಿದ ಮಗನ ಹೊಟ್ಟೆ ಸ್ವಲ್ಪ ಮುಂದೆ ಬಂದರೆ ಅದು ಅವರಿಗೆ ಸಮಾಧಾನದ ಗುರುತು. ‘ಮೈಕೈ ತುಂಬಿಕೊಂಡಿದ್ದಾನೆ’ ಎಂದು ನೆರೆಹೊರೆಯವರೂ ಮೆಚ್ಚುತ್ತಾರೆ. ಎರಡು ಅಂಗುಲ ಇಳಿದಿದ್ದ ನನ್ನನ್ನು ಬಾಗಿಲಲ್ಲಿ ಕಂಡು ನಮ್ಮ ತಾಯಿ, “ಯಾಕ್ ಮಗ, ಇಂಗ್ ಸೊರಗೋದೆ? ಅಲ್ಲಿ ಹೊಟ್ಟೆಗೆ ಸರ್ಯಾಗಿ ಇಕ್ಕಾಕಿಲ್ವಾ?” ಎಂದು ಕಣ್ಣೀರಿಟ್ಟರು. ಹಸಿವನ್ನು ಬಲ್ಲ ಮನೆಯಲ್ಲಿ, ಇರುವ ಅನ್ನವನ್ನು ಬೇಡವೆನ್ನುವುದು ಮಿನ್ನೆಸೋಟದ ಪ್ರಯೋಗಕ್ಕಿಂತ ಕಷ್ಟ. ಆ ಹೊತ್ತು ನೂರರಲ್ಲಿ ತೊಂಬತ್ತು ಮಂದಿ ಎರಡನೆಯ ಮುದ್ದೆಗೆ ಕೈ ನೀಡುತ್ತಾರೆ. ನೀಡಿದರೆ ಅದನ್ನು ದೌರ್ಬಲ್ಯವೆಂದು ನಾನಂತೂ ಕರೆಯಲಾರೆ.

ಕ್ಯಾಲೊರಿ, ಪ್ರೋಟೀನುಗಳ ಮಾತು ಅವರ ಮುಂದೆ ನಡೆಯದು. ನಾನು ಹುರುಳಿಯ ಮಾತೆತ್ತಿದೆ. ಮುದ್ದೆ ಒಂದೇ ಸಾಕು, ಸಾರಿನ ಕಾಳು ಹೆಚ್ಚು ಬೇಕು, ಕೆಲಸ ಮಾಡುವ ಮೈಗೆ ಅದು ಬೇಕು ಎಂದೆ. ತಾಯಿ ಒಂದು ಕ್ಷಣ ಯೋಚಿಸಿ, “ಉಳೋ ಎತ್ಗೆ ಹುಳ್ಳಿ ಬೇಯ್ಸಿ ಇಕ್ತಿದ್ವಲ್ಲ, ಅಂಗಾ?” ಎಂದರು. ಅದೇ. ನಮ್ಮ ಮನೆಯಲ್ಲಿ ಎತ್ತುಗಳಿದ್ದ ಕಾಲದಲ್ಲಿ ಉಳುಮೆಯ ದಿನಗಳಲ್ಲಿ ಬರಿಯ ಹುಲ್ಲು ಹಾಕಿ ಸುಮ್ಮನಿರುತ್ತಿರಲಿಲ್ಲ. ಪುಸ್ತಕದಲ್ಲಿ ನಾಲ್ಕು ಪುಟ ಓದಿ ನಾನು ತಿಳಿದುದನ್ನು ಅವರು ಕೊಟ್ಟಿಗೆಯಲ್ಲೇ ತಿಳಿದಿದ್ದರು.

ಲೆಕ್ಕವೂ ಅದನ್ನೇ ಹೇಳುತ್ತದೆ. ಸಾಮಾನ್ಯ ಆರೋಗ್ಯಕ್ಕೆ ಕಿಲೋಗೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಸಾಕೆಂದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಲಿ ೨೦೨೦ರಲ್ಲಿ ಹೇಳಿತು. ೬೮ ಕಿಲೋ ತೂಗುವವನಿಗೆ ಅದು ಸುಮಾರು ೫೬ ಗ್ರಾಂ. ಸ್ನಾಯು ಬೆಳೆಸುವವನಿಗೆ ೧.೬ ಗ್ರಾಮಿನವರೆಗೆ ಪ್ರಯೋಜನವಿದೆಯೆಂದು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ೨೦೧೮ರ ಒಂದು ವಿಮರ್ಶೆ ತಿಳಿಸುತ್ತದೆ. ಅದು ಸುಮಾರು ೧೦೯ ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಪ್ರೋಟೀನು ಏಳು ಗ್ರಾಂ, ಶಕ್ತಿ ಮುನ್ನೂರಕ್ಕೂ ಮೇಲೆ ಕ್ಯಾಲೊರಿ. ಅಷ್ಟೇ ಹುರುಳಿಯಲ್ಲಿ ಶಕ್ತಿ ಹೆಚ್ಚುಕಡಮೆ ಅಷ್ಟೇ, ಪ್ರೋಟೀನು ಸುಮಾರು ೨೨ ಗ್ರಾಂ. ಮೊಟ್ಟೆಯೊಂದಕ್ಕೆ ಆರು. ಕಡಲೆಕಾಯಿಯಲ್ಲಿ ಪ್ರೋಟೀನು ಧಾರಾಳ, ಆದರೆ ಎಣ್ಣೆಯೂ ಧಾರಾಳ. ಕರಗಿಸುವವನು ಎಣಿಸಿ ತಿನ್ನಬೇಕು. ಡಬ್ಬಿಗಳಲ್ಲಿ ಮಾರುವ ಪುಡಿಯ ಬೆಲೆ ನಮ್ಮ ವಿದ್ಯಾರ್ಥಿವೇತನಕ್ಕೆ ನಿಲುಕುವಂಥದಲ್ಲ.

ಕಲಾ ವಿಭಾಗದವನಿಗೆ ಇದೆಲ್ಲ ಏತಕ್ಕೆ ಎಂದು ಕೇಳುವವರಿಗೆ, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕವನ್ನೂ, ಕನ್ನಡದಲ್ಲಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದ ಕೆ. ವಿ. ಅಯ್ಯರ್ ಒಬ್ಬರೇ ಎಂಬುದನ್ನು ನೆನಪಿಸಿದರೆ ಸಾಕು.

ಹಾಗಾದರೆ ಸಾಕ್ಷಿಯನ್ನು ಎಲ್ಲಿ ಹುಡುಕಬೇಕು? ಮೈಸೂರಿನಲ್ಲಿ ನಾನು ನೋಡಿದ ಒಂದು ಹಳೆಯ ಗರಡಿಮನೆಯಲ್ಲಿ ತೂಕದ ಯಂತ್ರ ಕಾಣಲಿಲ್ಲ. ಬಂದ ಹುಡುಗರನ್ನು ಉಸ್ತಾದರು ಕೇಳುತ್ತಿದ್ದುದು ಒಂದೇ: ನಿನ್ನೆ ದಂಡ ಎಷ್ಟು, ಬಸ್ಕಿ ಎಷ್ಟು? ಎಣಿಕೆ ಸುಳ್ಳು ಹೇಳುವುದಿಲ್ಲ. ನನ್ನ ನೋಟುಪುಸ್ತಕದಲ್ಲಿಯೂ ಮೊದಲ ವಾರ ಎಂಟು ದಂಡ, ಹತ್ತನೆಯ ವಾರ ಇಪ್ಪತ್ತಾರು ಎಂದಿದೆ. ಮೊದಮೊದಲು ಬಲ ಹೆಚ್ಚುವುದು ಬಹುಮಟ್ಟಿಗೆ ನರಗಳು ಕೆಲಸ ಕಲಿಯುವುದರಿಂದ. ಮಾಂಸ ಬೆಳೆಯುವುದು ಅದರ ಹಿಂದಿನಿಂದ, ನಿಧಾನವಾಗಿ. ಆದುದರಿಂದ ತೋಳು ದಪ್ಪವಾಗದೆಯೂ ಎಣಿಕೆ ಏರಿದರೆ ಅನುಮಾನಪಡಬೇಕಾಗಿಲ್ಲ. ತೂಕವನ್ನು ನೋಡಲೇಬೇಕೆನ್ನುವವರು ಏಳು ದಿನಗಳ ಸರಾಸರಿಯನ್ನು ನೋಡಲಿ. ಟೇಪನ್ನು ಹದಿನೈದು ದಿನಕ್ಕೊಮ್ಮೆ ಹಿಡಿದರೆ ಸಾಕು.

ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಈ ಜೋಡಿ ಕೆಲಸ ಬಹಳ ನಿಧಾನ. ಅವರು ಕೆಲವು ತಿಂಗಳು ಬೆಳೆಸಿ, ಕೆಲವು ತಿಂಗಳು ಕರಗಿಸುತ್ತಾರೆ. ಆ ತೊಂದರೆ ನನ್ನವರೆಗೆ ಬರಲು ಇನ್ನೂ ಕಾಲವಿದೆ. ಸದ್ಯಕ್ಕೆ ನಮಗೆ ಎದುರಾಗಿರುವುದು ಪರೀಕ್ಷೆ, ಅದರ ಬೆನ್ನಿಗೆ ನಿದ್ರೆ. ೨೦೧೦ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದವರು ಹತ್ತು ಮಂದಿಯನ್ನು ಒಂದೇ ಬಗೆಯ ಮಿತಾಹಾರದಲ್ಲಿಟ್ಟು, ಹದಿನಾಲ್ಕು ದಿನ ರಾತ್ರಿ ಎಂಟೂವರೆ ಗಂಟೆ, ಇನ್ನೊಮ್ಮೆ ಹದಿನಾಲ್ಕು ದಿನ ಐದೂವರೆ ಗಂಟೆ ಮಾತ್ರ ಹಾಸಿಗೆಯಲ್ಲಿರಿಸಿದರು. ಎರಡು ಸಲವೂ ಇಳಿದ ತೂಕ ಸುಮಾರು ಒಂದೇ, ಮೂರು ಕಿಲೋ. ಆದರೆ ನಿದ್ದೆಗೆಟ್ಟಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತಲೂ ಕಡಮೆಯಾಯಿತು. ಉಳಿದುದೆಲ್ಲ ಕಳೆದುಕೊಳ್ಳಬಾರದ ಮೈ. ಹಸಿವೂ ಹೆಚ್ಚಿತು. ಇಲ್ಲಿಯೂ ತಕ್ಕಡಿಗೆ ಏನೂ ತಿಳಿಯಲಿಲ್ಲ. ಇದನ್ನು ಓದಿದ ಮೇಲೆ ನಾನೂ ನನ್ನ ಕೊಠಡಿಯ ಮಿತ್ರನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಪರೀಕ್ಷೆ ಮುಗಿಯುವವರೆಗೆ ರಾತ್ರಿ ಹತ್ತಕ್ಕೆ ದೀಪ ಆರಿಸುವುದು, ಬೆಳಿಗ್ಗೆ ಐದೂವರೆಗೆ ಪುಸ್ತಕ, ಸಂಜೆ ಐದಕ್ಕೆ ಕಬ್ಬಿಣ. ಅವನ ಗೊರಕೆಯ ವಿಷಯ ಮಾತ್ರ ಒಪ್ಪಂದದಲ್ಲಿ ಸೇರಿಲ್ಲ.