ಸೋರಿಕೆಯ ಜಾಡು: ಕಾರಿನ ಹವಾನಿಯಂತ್ರಣ ಮತ್ತು ಶೀತಕದ ನಷ್ಟ

ಕಂಬಂ ಕಣಿವೆಯ ರೈತನಿಗೆ ಒಂದು ವಿವೇಕವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪದಿದ್ದರೆ ಅವನು ಮೊದಲು ತೂಬಿನ ಕಡೆಗೆ ಓಡುವುದಿಲ್ಲ. ಕಾಲುವೆಯ ಉದ್ದಕ್ಕೂ ನಡೆದು, ಏರಿ ಎಲ್ಲಿ ಒಡೆದಿದೆ ಎಂದು ಹುಡುಕುತ್ತಾನೆ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಪೂರ್ಣಗೊಂಡು ಘಟ್ಟದಾಚೆಯ ನೀರು ಸುರಂಗದ ಮೂಲಕ ಕಣಿವೆಗಿಳಿದ ಮೇಲೆ, ಭತ್ತ, ಬಾಳೆ, ದ್ರಾಕ್ಷಿಯ ಬೇಸಾಯದೊಂದಿಗೆ ಈ ವಿವೇಕವೂ ಅಲ್ಲಿ ಬೆಳೆದಿದೆ. ಆದರೆ ಅದೇ ರೈತನ ಕಾರಿನಲ್ಲಿ ತಂಪುಗಾಳಿ ನಿಂತಾಗ ಅವನ ಬಾಯಿಂದ ಬರುವ ಮಾತು ಬೇರೆ: “ಗ್ಯಾಸ್ ಮುಗಿದಿದೆ, ತುಂಬಿಸಿಬಿಡಿ.” ಗ್ಯಾಸ್ ತುಂಬಿಸಲಾಗುತ್ತದೆ. ಒಂದೆರಡು ತಿಂಗಳು ಕಾರು ತಣ್ಣಗಿರುತ್ತದೆ. ಆಮೇಲೆ ಮತ್ತೆ ಅದೇ ಬಿಸಿಗಾಳಿ, ಅದೇ ಮಾತು, ಅದೇ ಖರ್ಚು.

ಈ ಕಣಿವೆಯ ಕೊಂಬೈ ಮತ್ತು ಸುತ್ತಲಿನ ಊರುಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥವು ಕಪ್ಪಿಲಿಯರನ್ನು ಕನ್ನಡವಾಡುವ ಬೇಸಾಯಗಾರರೆಂದೇ ದಾಖಲಿಸಿದೆ. ಅಲ್ಲಿ ಓದುಬರಹ ಬಹುಮಟ್ಟಿಗೆ ತಮಿಳಿನದು; ವರ್ಕ್‌ಶಾಪಿನ ಪದಗಳು ಇಂಗ್ಲಿಷಿನವು. ಮನೆಯ ಕನ್ನಡಕ್ಕೆ ಯಂತ್ರದ ಸಂಗತಿಯನ್ನು ಹೇಳುವ ಸಂದರ್ಭವೇ ವಿರಳ. ಆದ್ದರಿಂದ ಈ ಒಂದು ರಿಪೇರಿಯ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ವಿವರಿಸಿ ನೋಡುವುದು ಭಾಷೆಯ ವಿದ್ಯಾರ್ಥಿಗಳಿಗೂ ಉಪಯುಕ್ತ.

ಮುಗಿಯುವ ವಸ್ತುವಲ್ಲ

ಪೆಟ್ರೋಲು ಉರಿದು ಮುಗಿಯುತ್ತದೆ. ಶೀತಕ ಹಾಗೆ ಮುಗಿಯುವುದಿಲ್ಲ. ಅದು ಮುಚ್ಚಿದ ಕೊಳವೆಗಳ ವರ್ತುಲದಲ್ಲಿ ಸುತ್ತುತ್ತಲೇ ಇರುವ ವಸ್ತು. ಇಂದಿನ ಬಹುಪಾಲು ಕಾರುಗಳಲ್ಲಿರುವುದು ಆರ್-134ಎ ಎಂಬ ಶೀತಕ. ಸಾಮಾನ್ಯ ವಾಯುಭಾರದಲ್ಲಿ ಅದು ಶೂನ್ಯಕ್ಕಿಂತ ಸುಮಾರು 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಎಂಜಿನ್ನಿನ ಬಲದಿಂದ ತಿರುಗುವ ಕಂಪ್ರೆಸರ್ ಅದರ ಆವಿಯನ್ನು ಹಿಂಡಿ ಬಿಸಿಮಾಡುತ್ತದೆ. ಕಾರಿನ ಮುಂಭಾಗದ ಕಂಡೆನ್ಸರ್ ಆ ಬಿಸಿಯನ್ನು ಹೊರಗಾಳಿಗೆ ಬಿಟ್ಟುಕೊಟ್ಟು ಆವಿಯನ್ನು ದ್ರವವಾಗಿಸುತ್ತದೆ. ಈ ದ್ರವದ ತೇವವನ್ನು ಡ್ರೈಯರ್ ಹೀರಿಕೊಳ್ಳುತ್ತದೆ. ಬಳಿಕ ಕಿರಿದಾದ ಎಕ್ಸ್‌ಪ್ಯಾನ್ಶನ್ ವಾಲ್ವಿನಿಂದ ಹೊರಬರುವ ದ್ರವ ಒಮ್ಮೆಲೇ ಒತ್ತಡ ಕಳೆದುಕೊಂಡು, ಡ್ಯಾಶ್‌ಬೋರ್ಡಿನ ಒಳಗಿರುವ ಇವ್ಯಾಪೊರೇಟರಿನಲ್ಲಿ ಕುದಿದು, ಒಳಗಿನ ಗಾಳಿಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಆವಿ ಮತ್ತೆ ಕಂಪ್ರೆಸರಿಗೆ ಮರಳುತ್ತದೆ.

ಈ ವರ್ತುಲದಲ್ಲಿ ಶೀತಕ ರೂಪ ಬದಲಿಸುತ್ತದೆಯೇ ಹೊರತು ವ್ಯಯವಾಗುವುದಿಲ್ಲ. ರಬ್ಬರ್ ಕೊಳವೆಗಳ ಮೂಲಕ ವರ್ಷಗಳ ಅವಧಿಯಲ್ಲಿ ಅತಿ ಸ್ವಲ್ಪ ಹೊರಹೋಗಬಹುದು. ಆದರೆ ಒಂದೆರಡು ತಿಂಗಳಲ್ಲಿ ಕೊರತೆ ಕಂಡರೆ ಅದಕ್ಕೆ ಒಂದೇ ಅರ್ಥ: ಎಲ್ಲೋ ತೂತಿದೆ. ರೇಡಿಯೇಟರಿಗೆ ಹಾಕುವ ಕೂಲಂಟ್ ಬೇರೆ, ಈ ಶೀತಕ ಬೇರೆ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಮೊದಲು ಸಂದೇಹ, ಆಮೇಲೆ ತೀರ್ಮಾನ

ಗಾಳಿ ತಣ್ಣಗಿಲ್ಲವೆಂದ ಮಾತ್ರಕ್ಕೆ ಸೋರಿಕೆ ಎಂದು ನಿರ್ಧರಿಸಲಾಗದು. ಗಾಳಿಯ ರಭಸವೇ ಕಡಿಮೆಯಿದ್ದರೆ ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಮುಚ್ಚಿಕೊಂಡಿರಬಹುದು. ಬಯಲಿನಲ್ಲಿ ಓಡುವಾಗ ತಂಪಾಗಿದ್ದು, ಲೋವರ್ ಕ್ಯಾಂಪಿನಿಂದ ಕುಮಿಳಿಯ ಘಟ್ಟವನ್ನು ನಿಧಾನವಾಗಿ ಏರುವಾಗ ಬಿಸಿಯಾದರೆ, ಕಂಡೆನ್ಸರಿನ ಫ್ಯಾನನ್ನು ಮೊದಲು ನೋಡಬೇಕು. ವೇಗ ತಗ್ಗಿದಾಗ ಕಂಡೆನ್ಸರಿಗೆ ಗಾಳಿ ಒದಗಿಸುವುದು ಅದೇ. ಕಂಪ್ರೆಸರಿನ ಕ್ಲಚ್ ಕಚ್ಚಿಕೊಳ್ಳದಿದ್ದರೆ ಕಾರಣ ವಿದ್ಯುತ್ತಿನದಾಗಿರಬಹುದು. ಶೀತಕ ತೀರ ಇಳಿದಾಗ ಒತ್ತಡದ ಸ್ವಿಚ್ ಕಂಪ್ರೆಸರನ್ನು ತಡೆದಿರಲೂಬಹುದು. ನಿಂತ ಕಾರಿನ ಕೆಳಗೆ ತೊಟ್ಟಿಕ್ಕುವ ಶುದ್ಧ ನೀರು ಸೋರಿಕೆಯ ಗುರುತಲ್ಲ. ಒಳಗಿನ ಗಾಳಿಯ ತೇವ ತಣ್ಣನೆಯ ಕಾಯಿಲಿನ ಮೇಲೆ ನೀರಾಗಿ ಇಳಿದದ್ದು ಅದು. ಯಂತ್ರ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ.

ಒತ್ತಡ ಅಳೆಯುವ ಗೇಜಿನ ಮಾತನ್ನೂ ಎಚ್ಚರದಿಂದ ಕೇಳಬೇಕು. ಎಂಜಿನ್ ಆರಿಸಿ ಯಂತ್ರ ಹೊರಗಿನ ಶಾಖಕ್ಕೆ ಬಂದು ನಿಂತಾಗ, 30 ಡಿಗ್ರಿಯಲ್ಲಿ ಆರ್-134ಎ ಒತ್ತಡ ಸುಮಾರು 97 ಪಿಎಸ್‌ಐ ಇರುತ್ತದೆ. ಒಳಗೆ ಸ್ವಲ್ಪವಾದರೂ ದ್ರವ ಉಳಿದಿರುವವರೆಗೆ ಅರ್ಧ ತುಂಬಿದ್ದರೂ ಪೂರ್ತಿ ತುಂಬಿದ್ದರೂ ಅಷ್ಟೇ ಒತ್ತಡ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಅದನ್ನು ಎತ್ತಿ ನೋಡುವುದು ಇದೇ ಕಾರಣಕ್ಕೆ. ಶೀತಕದ ನಿಜವಾದ ಲೆಕ್ಕ ತೂಕದಲ್ಲಿದೆ. ಯಂತ್ರದಲ್ಲಿರುವುದನ್ನು ರಿಕವರಿ ಯಂತ್ರದಿಂದ ಹೊರತೆಗೆದು ತೂಗಿ, ಬಾನೆಟ್ಟಿನ ಅಡಿಯ ಚೀಟಿಯಲ್ಲಿ ಮುದ್ರಿಸಿದ ತೂಕದೊಂದಿಗೆ ಹೋಲಿಸಿದರೆ ಕೊರತೆ ಎಷ್ಟೆಂಬುದು ಖಚಿತವಾಗುತ್ತದೆ.

ಜಿನುಗು, ಒಸರು, ಸೋರು

ಇಂಗ್ಲಿಷಿನ ‘ಲೀಕ್’ ಎಂಬ ಒಂದೇ ಪದ ವರ್ಕ್‌ಶಾಪಿನ ಎಲ್ಲ ಸಂದರ್ಭಗಳಿಗೂ ಬಳಕೆಯಾಗುತ್ತದೆ. ಮರಾಠಿಯ ‘ಗಳತಿ’, ತಮಿಳಿನ ‘ಕಸಿವು’ ಪದಗಳೂ ಅಲ್ಲಲ್ಲಿ ಕೇಳಿಬರುತ್ತವೆ. ಕನ್ನಡದಲ್ಲಿ ಹರಿವಿನ ಪ್ರಮಾಣಕ್ಕೆ ತಕ್ಕಂತೆ ಬೇರೆ ಬೇರೆ ಕ್ರಿಯಾಪದಗಳಿವೆ. ಅವು ರೋಗನಿದಾನದ ಮೆಟ್ಟಿಲುಗಳಿಗೆ ಹೊಂದಿಕೊಳ್ಳುತ್ತವೆ.

ಕಂಡೆನ್ಸರಿಗೆ ರಸ್ತೆಯ ಕಲ್ಲು ಸಿಡಿದು ತೂತಾದರೆ ಶೀತಕ ಸೋರುತ್ತದೆ. ಒಂದೇ ದಿನದಲ್ಲಿ ಒತ್ತಡ ಬಿದ್ದುಹೋಗುತ್ತದೆ. ಕೊಳವೆಗಳ ಕೀಲಿನಲ್ಲಿರುವ ಓ-ರಿಂಗ್ ಗಡುಸಾದರೆ, ಕಂಪ್ರೆಸರಿನ ಶಾಫ್ಟ್ ಸೀಲ್ ಸವೆದರೆ ಅದು ಒಸರುತ್ತದೆ. ಶೀತಕದೊಂದಿಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಒಸರಿದ ಜಾಗದಲ್ಲಿ ಎಣ್ಣೆ ಕೂಡಿದ ಧೂಳು ಕಪ್ಪಾಗಿ ಅಂಟಿರುತ್ತದೆ. ಕಣ್ಣಿಗೆ ಸಿಗುವ ಮೊದಲ ಸಾಕ್ಷಿ ಇದು. ಗ್ಯಾಸ್ ತುಂಬಿಸುವ ಬಾಯಿಯ ಸಣ್ಣ ವಾಲ್ವಿನಲ್ಲಿ, ತೇವಕ್ಕೆ ಸವೆದ ಇವ್ಯಾಪೊರೇಟರಿನಲ್ಲಿ ಅದು ಜಿನುಗುತ್ತದೆ. ಕೊರತೆ ಕಾಣಲು ತಿಂಗಳುಗಳೇ ಬೇಕು.

ಹೆಚ್ಚು ಸೋರುವ ಜಾಗಕ್ಕೆ ಸಾಬೂನಿನ ನೀರೇ ಸಾಕು. ಗುಳ್ಳೆ ಎದ್ದಲ್ಲಿ ತೂತು. ಒಸರುವ ಜಾಗವನ್ನು ಹಿಡಿಯಲು, ವರ್ತುಲದೊಳಗೆ ವಿಶೇಷ ಬಣ್ಣ ಬೆರೆಸಿ ಕೆಲವು ದಿನ ಕಾರು ಓಡಿಸಿ, ಅತಿನೇರಳೆ ದೀಪದಲ್ಲಿ ಹೊಳೆಯುವ ಕಲೆಯನ್ನು ಹುಡುಕಬಹುದು. ಜಿನುಗುವುದನ್ನು ಕಂಡುಹಿಡಿಯಲು ಇಲೆಕ್ಟ್ರಾನಿಕ್ ಮೂಗು ಬೇಕು. ಶೀತಕದ ಆವಿ ಗಾಳಿಗಿಂತ ಭಾರವಾದ್ದರಿಂದ ಉಪಕರಣದ ತುದಿಯನ್ನು ಪ್ರತಿ ಕೀಲಿನ ಕೆಳಭಾಗದಲ್ಲಿ ನಿಧಾನವಾಗಿ ಆಡಿಸಬೇಕು. ಇವ್ಯಾಪೊರೇಟರ್ ಕಣ್ಣಿಗೆ ಕಾಣದಿರುವುದರಿಂದ, ಅದರ ನೀರು ಹೊರಬರುವ ಕೊಳವೆಯ ಬಾಯಲ್ಲಿ ಪರೀಕ್ಷಿಸುವುದು ರೂಢಿ.

ವ್ಯಾಕ್ಯೂಮ್ ನಿಂತಿತು, ಆದ್ದರಿಂದ ಸೋರಿಕೆಯಿಲ್ಲ ಎಂಬ ವಾದವೂ ಪೂರ್ಣ ಸರಿಯಲ್ಲ. ವ್ಯಾಕ್ಯೂಮಿನಲ್ಲಿ ತೂತಿನ ಮೇಲೆ ಬೀಳುವುದು ಹೆಚ್ಚೆಂದರೆ ಒಂದು ವಾಯುಭಾರದ ಒತ್ತಡ, ಅದೂ ಹೊರಗಿನಿಂದ ಒಳಗೆ. ಬೇಸಿಗೆಯಲ್ಲಿ ಯಂತ್ರ ಓಡುವಾಗ ಕಂಡೆನ್ಸರಿನ ಕಡೆ ಒತ್ತಡ 15 ಬಾರ್ ಮೀರುವುದು ಸಾಮಾನ್ಯ, ಅದು ಒಳಗಿನಿಂದ ಹೊರಗೆ. ಮೊದಲನೆಯದಕ್ಕೆ ಜಗ್ಗದ ತೂತು ಎರಡನೆಯದಕ್ಕೆ ಬಾಯಿ ಬಿಡಬಹುದು. ಖಾಲಿ ಮಾಡಿದ ಯಂತ್ರಕ್ಕೆ ಒಣ ನೈಟ್ರೋಜನ್ ತುಂಬಿ, ತಯಾರಕರು ಹೇಳಿದ ಮಿತಿಯೊಳಗೆ ಒತ್ತಡ ನಿಲ್ಲಿಸಿ ನೋಡುವುದು ಹೆಚ್ಚು ವಿಶ್ವಾಸಾರ್ಹ. ಈ ಪರೀಕ್ಷೆಗೆ ಆಮ್ಲಜನಕವನ್ನು ಎಂದಿಗೂ ಬಳಸಬಾರದು. ಎಣ್ಣೆಯೊಂದಿಗೆ ಸೇರಿ ಅದು ಸ್ಫೋಟಿಸಬಲ್ಲದು.

ದುರಸ್ತಿಯ ಕ್ರಮ

ತೂತು ಸಿಕ್ಕ ಮೇಲೆ ಕೆಲಸಕ್ಕೆ ಒಂದು ಕ್ರಮವಿದೆ; ಅದರ ಒಂದು ಮೆಟ್ಟಿಲು ತಪ್ಪಿದರೂ ಹಣ ವ್ಯರ್ಥ. ಮೊದಲು ಉಳಿದ ಶೀತಕವನ್ನು ಗಾಳಿಗೆ ಬಿಡದೆ ರಿಕವರಿ ಯಂತ್ರಕ್ಕೆ ಎಳೆದುಕೊಳ್ಳಬೇಕು. ಓ-ರಿಂಗಿನ ದೋಷವಾದರೆ ಆ ಶೀತಕಕ್ಕೆ ಒಪ್ಪುವ ಹೊಸ ರಿಂಗನ್ನು, ಯಂತ್ರಕ್ಕೆ ನಿಗದಿಯಾದ ಎಣ್ಣೆ ಸವರಿ ಕೂರಿಸಬೇಕು. ತೂತಾದ ಕಂಡೆನ್ಸರ್, ಇವ್ಯಾಪೊರೇಟರುಗಳನ್ನು ಬದಲಿಸುವುದೇ ಕ್ಷೇಮ. ತೂತು ಮುಚ್ಚುವ ದ್ರಾವಣಗಳು ತೂತನ್ನು ಮಾತ್ರವಲ್ಲ, ಎಕ್ಸ್‌ಪ್ಯಾನ್ಶನ್ ವಾಲ್ವನ್ನೂ ಗ್ಯಾಸ್ ಎಳೆಯುವ ಯಂತ್ರವನ್ನೂ ಮುಚ್ಚಿಬಿಡಬಲ್ಲವು.

ವರ್ತುಲ ಬಹುಕಾಲ ತೆರೆದಿದ್ದರೆ ಡ್ರೈಯರನ್ನು ಬದಲಿಸಬೇಕು. ಒಳಹೊಕ್ಕ ತೇವ ವಾಲ್ವಿನ ಬಾಯಲ್ಲಿ ಮಂಜಾಗಿ ದಾರಿ ಕಟ್ಟುತ್ತದೆ. ಎಣ್ಣೆ, ಶೀತಕಗಳೊಂದಿಗೆ ಸೇರಿ ಆಮ್ಲವಾಗಿ ಲೋಹವನ್ನೂ ತಿನ್ನುತ್ತದೆ. ಅದಕ್ಕಾಗಿಯೇ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಪಂಪು ಓಡಬೇಕು. ಕೊನೆಗೆ ಚೀಟಿಯಲ್ಲಿ ಹೇಳಿದಷ್ಟೇ ಶೀತಕವನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬುದು ಭ್ರಮೆ. ಒತ್ತಡ ಏರಿ ತಂಪು ಇಳಿಯುತ್ತದೆ. ಈ ಕೆಲಸದುದ್ದಕ್ಕೂ ಕಣ್ಣಿಗೆ ಕನ್ನಡಕ, ಕೈಗೆ ಗವಸು ಅಗತ್ಯ. ದ್ರವರೂಪದ ಶೀತಕ ತಾಗಿದರೆ ಚರ್ಮ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಬೆಂಕಿಗೆ ಸಿಕ್ಕ ಆವಿ ವಿಷಕಾರಿ.

ಸೋರಿದ್ದು ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹಿಂದಿನ ಕಾರುಗಳ ಆರ್-12 ಶೀತಕ ಓಝೋನ್ ಪದರವನ್ನು ಸವೆಸುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಹಿಂದೆ ಸರಿದು ಆರ್-134ಎ ಬಂದಿತು. ಇದು ಓಝೋನಿಗೆ ಅಪಾಯಕಾರಿಯಲ್ಲ. ಆದರೆ 2007ರ ಐಪಿಸಿಸಿ ವರದಿಯ ಪ್ರಕಾರ ನೂರು ವರ್ಷಗಳ ಲೆಕ್ಕದಲ್ಲಿ ಇದು ಭೂಮಿಯನ್ನು ಬಿಸಿಮಾಡುವ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 1430 ಪಟ್ಟು. ಕಾರಿನಿಂದ ಅರ್ಧ ಕಿಲೋ ಸೋರಿದರೆ ಅದು 715 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋ ಹೊರಬರುವುದಾದರೆ, ಇದು 300 ಲೀಟರಿಗೂ ಹೆಚ್ಚು ಪೆಟ್ರೋಲು ಉರಿಸಿದಂತೆ. ಇಂಥ ಶೀತಕಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ತೂತು ಹುಡುಕದೆ ವರ್ಷಕ್ಕೊಮ್ಮೆ ತುಂಬಿಸುತ್ತಾ ಹೋಗುವ ಕಾರು, ತನ್ನೊಳಗೆ ತಂಪು ಮಾಡಿಕೊಳ್ಳುತ್ತಾ ಹೊರಗಿನ ಜಗತ್ತನ್ನು ಬಿಸಿಮಾಡುತ್ತಿರುತ್ತದೆ. ಕಾರಿನ ಒಡೆಯ ವರ್ಕ್‌ಶಾಪಿನಲ್ಲಿ ಕೇಳಬೇಕಾದದ್ದು “ಗ್ಯಾಸಿಗೆ ಎಷ್ಟು?” ಎಂದಲ್ಲ, “ಎಲ್ಲಿ ಸೋರುತ್ತಿದೆ?” ಎಂದು. ಕಾಲುವೆಯ ಏರಿಯ ಮೇಲೆ ನಡೆಯುವವನಿಗೆ ಈ ಪ್ರಶ್ನೆ ಹೊಸದಲ್ಲ. ಅದನ್ನು ಕೇಳಲು ಬೇಕಾದ ಮಾತುಗಳೂ ಅವನ ಮನೆಯ ಕನ್ನಡದಲ್ಲೇ ಇವೆ.